ದೂರದ ಡಾಕ್ಟರಿಗೆ ಸ್ಕ್ಯಾನ್ ಕಳಿಸುವುದು ಹೇಗೆ?

ಊರಲ್ಲಿ ಸಿ.ಟಿ. ಸ್ಕ್ಯಾನ್ ಆಗಿದೆ, ಬೆಂಗಳೂರಿನ ಡಾಕ್ಟರು ನೋಡಬೇಕು. ಜಾಸ್ತಿ ಜನ ಮಾಡುವುದೇನು? ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಆ ಕಡೆಯಿಂದ ‘ಸರಿಯಾಗಿ ಕಾಣ್ತಿಲ್ಲ’ ಅಂತ ಉತ್ತರ ಬರುತ್ತದೆ. ಕಾಣುವುದಾದರೂ ಹೇಗೆ?

ಮೊದಲ ಕೆಲಸ ಸ್ಕ್ಯಾನಿಂಗ್ ಸೆಂಟರ್‌ನಲ್ಲೇ ಆಗಬೇಕು. ಫಿಲ್ಮ್, ರಿಪೋರ್ಟ್ ಜೊತೆಗೆ ಸಿಡಿ ಅಥವಾ ಲಿಂಕ್ ಕೇಳಿ. ‘ಡೈಕಾಮ್ ಫೈಲ್ ಕೊಡಿ’ ಎಂದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಸ್ಕ್ಯಾನ್ ಯಂತ್ರದ ಮೂಲ ಚಿತ್ರಗಳಿರುವ ಫೈಲಿಗೆ ಆ ಹೆಸರು. ಸಿ.ಟಿ.ಯಲ್ಲಿ ನೂರಾರು ಚಿತ್ರಗಳಿರುತ್ತವೆ, ಫಿಲ್ಮಿಗೆ ಬರುವುದು ಆಯ್ದ ಕೆಲವು. ಮೂಲ ಫೈಲಿನಲ್ಲಿ ಕಪ್ಪು-ಬಿಳುಪಿನ ಸುಮಾರು 4,096 ಛಾಯೆಗಳಿರುತ್ತವೆ, ಸಾಮಾನ್ಯ ಜೆಪೆಗ್ ಫೋಟೊದಲ್ಲಿ 256 ಮಾತ್ರ. ಮೂಲ ಫೈಲಿದ್ದರೆ ಡಾಕ್ಟರು ಅದೇ ಚಿತ್ರವನ್ನು ಶ್ವಾಸಕೋಶಕ್ಕೆ ಒಂದು ರೀತಿ, ಮೂಳೆಗೆ ಇನ್ನೊಂದು ರೀತಿ ಹೊಂದಿಸಿ ನೋಡುತ್ತಾರೆ. ಫೋಟೊದಲ್ಲಿ ಆ ಆಟ ನಡೆಯುವುದಿಲ್ಲ.

ಸಿಡಿ ತೆರೆದರೆ ಅರ್ಥವಾಗದ ಹೆಸರಿನ ಫೈಲುಗಳ ರಾಶಿ ಕಾಣುತ್ತದೆ. ಆರಿಸಲು ಹೋಗಬೇಡಿ. ಇಡೀ ಫೋಲ್ಡರನ್ನು ಕಾಪಿ ಮಾಡಿ, ಒಂದೇ ಫೈಲಾಗುವಂತೆ ಜಿಪ್ ಮಾಡಿ, ಗೂಗಲ್ ಡ್ರೈವ್‌ಗೆ ಹಾಕಿ. ಲಿಂಕ್ ಡಾಕ್ಟರ ಇಮೇಲ್‌ಗೆ ಮಾತ್ರ ತೆರೆಯುವಂತಿರಲಿ. ಫೈಲಿನೊಳಗೇ ರೋಗಿಯ ಹೆಸರು, ವಯಸ್ಸು ಇರುತ್ತದೆ, ಫ್ಯಾಮಿಲಿ ಗ್ರೂಪಿಗೆಲ್ಲ ಸುಮ್ನೆ ಹಾಕಬೇಡಿ.

ಕಳಿಸುವ ಮೊದಲು ವೀಸಿಸ್, ಮೈಕ್ರೊಡೈಕಾಮ್‌ನಂಥ ಉಚಿತ ತಂತ್ರಾಂಶದಲ್ಲಿ ಒಮ್ಮೆ ತೆರೆದು ಹೆಸರು, ತಾರೀಖು ನೋಡಿಕೊಳ್ಳಿ.

ಎಕ್ಸ್‌ರೇ ಫಿಲ್ಮ್ ಬಿಟ್ಟರೆ ಬೇರೇನೂ ಇಲ್ಲವೇ? ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು ಬೆಳಕನ್ನು ಪೂರ್ತಿ ಏರಿಸಿ. ಪರದೆಗೆ ತೆಳು ಬಿಳಿ ಹಾಳೆ ಹಿಡಿದು ಅದರ ಮೇಲೆ ಫಿಲ್ಮ್ ಇಡಿ. ಹಾಳೆ ಇಲ್ಲದಿದ್ದರೆ ಪರದೆಯ ಸಣ್ಣ ಗೆರೆಗಳು ಫೋಟೊದಲ್ಲಿ ಮೂಡಬಹುದು. ಕೋಣೆಯ ದೀಪ ಆರಿಸಿ. ಫ್ಲ್ಯಾಶ್ ಬೇಡ. ಫೋನನ್ನು ನೇರವಾಗಿ ಹಿಡಿದು, ಎಡ-ಬಲ ತೋರಿಸುವ ‘ಎಲ್’ ಅಥವಾ ‘ಆರ್’ ಗುರುತೂ ಚೌಕಟ್ಟಿನೊಳಗೆ ಬರುವಂತೆ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸದೆ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿ, ಆಗ ಚಿತ್ರ ಕುಗ್ಗುವುದಿಲ್ಲ. ಇಷ್ಟಾದರೂ ಕೂದಲೆಳೆಯಂಥ ಬಿರುಕು, ಶ್ವಾಸಕೋಶದ ಸುತ್ತ ಸೇರಿದ ತುಸು ಗಾಳಿ ಇಂಥ ಫೋಟೊದಲ್ಲಿ ತಪ್ಪಿಹೋಗಬಹುದು.

ಡಾಕ್ಟರು ಫೋನಿನಲ್ಲಿ ನೋಡುತ್ತಾರೋ ಕಂಪ್ಯೂಟರಿನಲ್ಲೋ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಮ್ಯಾಮೊಗ್ರಾಮ್‌ಗಂತೂ (ಸ್ತನದ ಎಕ್ಸ್‌ರೇ) ಸಾಮಾನ್ಯವಾಗಿ 5 ಮೆಗಾಪಿಕ್ಸೆಲ್‌ನ ವಿಶೇಷ ಮಾನಿಟರ್ ಬಳಸುತ್ತಾರೆ. ಹಳೇ ಸ್ಕ್ಯಾನ್ ಇದ್ದರೆ ಅದನ್ನೂ ಸೇರಿಸಿ ಕಳಿಸಿ. ಗಂಟು ಹೊಸದೋ, ಹಳೆಯದೇ ದೊಡ್ಡದಾಗಿದೆಯೋ ಅನ್ನುವುದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ತಿಳಿಯುವುದು.