ಮಾಸ್ಟರ್ ಡೇಟಾಬೇಸನ್ನು ಸಿ ಡ್ರೈವ್‌ನಿಂದ ಹೊರಗೆ ತಂದಿದ್ದು: ನನ್ನ ಅನುಭವ

ನಾನು ನೋಡಿಕೊಳ್ಳುವ ಒಂದು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್) ಸಿ ಡ್ರೈವ್ ತುಂಬುತ್ತಾ ಬಂದಿತ್ತು. ಇನ್‌ಸ್ಟಾಲ್ ಮಾಡುವಾಗ ಎಲ್ಲವೂ ಡಿಫಾಲ್ಟ್ ಜಾಗದಲ್ಲೇ ಕೂತಿತ್ತು, ಬ್ಯಾಕಪ್ ಮತ್ತು ಜಾಬ್‌ಗಳ (ಹೊತ್ತಿಗೆ ಸರಿಯಾಗಿ ತಾನೇ ನಡೆಯೋ ಕೆಲಸಗಳ) ಹಳೇ ಹಿಸ್ಟರಿ ಸೇರಿ, ಅದನ್ನು ಇಟ್ಟುಕೊಳ್ಳೋ ಎಂಎಸ್‌ಡಿಬಿ ಡೇಟಾಬೇಸ್ ದೊಡ್ಡದಾಗಿತ್ತು. ಹಾಗಾಗಿ ಸಿಸ್ಟಂ ಡೇಟಾಬೇಸ್‌ಗಳನ್ನು, ಅಂದರೆ ಸರ್ವರ್ ತನ್ನ ಕೆಲಸಕ್ಕೇ ಇಟ್ಟುಕೊಳ್ಳೋ ಮಾಸ್ಟರ್, ಎಂಎಸ್‌ಡಿಬಿ, ಮಾಡೆಲ್ ಮತ್ತು ಟೆಂಪ್‌ಡಿಬಿಗಳನ್ನು, ಇ ಡ್ರೈವ್‌ಗೆ ಸಾಗಿಸಿದೆ.

ಇಲ್ಲಿ ಮೊದಲು ತಿಳಿದಿರಬೇಕಾದ್ದು ಯಾರ ವಿಳಾಸ ಯಾರ ಹತ್ತಿರ ಇದೆ ಅನ್ನೋದು. ಬೇರೆಲ್ಲ ಡೇಟಾಬೇಸ್‌ಗಳ ಫೈಲ್ ಎಲ್ಲಿದೆ ಅಂತ ಮಾಸ್ಟರ್ ಬರೆದಿಟ್ಟುಕೊಂಡಿರುತ್ತದೆ. ಮಾಸ್ಟರ್ ಎಲ್ಲಿದೆ ಅನ್ನೋದು ಮಾತ್ರ ಎಸ್‌ಕ್ಯೂಎಲ್ ಸರ್ವರ್ ಸರ್ವೀಸ್ ಶುರುವಾಗುವಾಗ ಓದೋ ಸ್ಟಾರ್ಟಪ್ ಪ್ಯಾರಾಮೀಟರ್‌ನಲ್ಲಿ, ಅಂದರೆ ವಿಂಡೋಸ್ ರಿಜಿಸ್ಟ್ರಿಯಲ್ಲಿ ಇರುತ್ತದೆ. ಅದಕ್ಕೇ ಮಾಸ್ಟರನ್ನು ಸಾಗಿಸೋ ವಿಧಾನ ಬೇರೆ.

ಬ್ಯಾಕಪ್ ತೆಗೆದ ಮೇಲೆ ನಾನು ಮೊದಲು ಮುಟ್ಟಿದ್ದು ಹೊಸ ಫೋಲ್ಡರ್‌ನ ಪರ್ಮಿಶನ್. ನಮ್ಮ ಸರ್ವೀಸ್ ಓಡೋ ಎನ್‌ಟಿ ಸರ್ವೀಸ್ ಎಂಎಸ್‌ಎಸ್‌ಕ್ಯೂಎಲ್‌ಸರ್ವರ್ ಅನ್ನೋ ಅಕೌಂಟ್‌ಗೆ ಅಲ್ಲಿ ಫುಲ್ ಕಂಟ್ರೋಲ್ ಬೇಕು. ಹೆಸರು ಟೈಪ್ ಮಾಡೋ ಡಬ್ಬಿಯಲ್ಲಿ ಲೊಕೇಶನ್ ಡೊಮೇನ್ ಅಂತ ಇದ್ದರೆ ಆ ಅಕೌಂಟ್ ಸಿಗೋದೇ ಇಲ್ಲ, ಅದನ್ನು ಆ ಮಶೀನ್‌ನ ಹೆಸರಿಗೆ ಬದಲಾಯಿಸಬೇಕು. ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಆಮೇಲೆ ಎಂಎಸ್‌ಡಿಬಿ. ಆಲ್ಟರ್ ಡೇಟಾಬೇಸ್ ಮಾಡಿಫೈ ಫೈಲ್ ಅನ್ನೋ ಕಮಾಂಡ್‌ನಲ್ಲಿ ಹೊಸ ದಾರಿ (ಫೈಲ್ ಇರೋ ಪಾತ್) ಕೊಟ್ಟು, ಸರ್ವೀಸ್ ನಿಲ್ಲಿಸಿ, ಫೈಲ್ ಕಾಪಿ ಮಾಡಿ, ಮತ್ತೆ ಶುರು ಮಾಡಿದೆ. ಇದನ್ನೇ ಮೊದಲು ಮಾಡಿದ್ದಕ್ಕೆ ಕಾರಣ ಇದೆ: ಎಂಎಸ್‌ಡಿಬಿ ತೆರೆಯದಿದ್ದರೂ ಸರ್ವರ್ ಮೇಲೇಳುತ್ತದೆ, ಸರಿಪಡಿಸಿಕೊಳ್ಳಬಹುದು. ಮಾಡೆಲ್ ಹಾಗಲ್ಲ. ತಾತ್ಕಾಲಿಕ ಡೇಟಾ ಇಡೋ ಟೆಂಪ್‌ಡಿಬಿ ಪ್ರತಿ ಸಲ ಹುಟ್ಟೋದೇ ಮಾಡೆಲ್ ಅನ್ನೋ ಅಚ್ಚಿನಿಂದ, ಹಾಗಾಗಿ ಮಾಡೆಲ್ ಸಿಗದಿದ್ದರೆ ಸರ್ವರ್ ಏಳೋದೇ ಇಲ್ಲ. ಆಗ ಟ್ರೇಸ್ ಫ್ಲ್ಯಾಗ್ 3608 ಅನ್ನೋ ಸ್ವಿಚ್ ಹಾಕಿ ಮಾಸ್ಟರ್ ಒಂದನ್ನೇ ಎಬ್ಬಿಸಿ ದಾರಿ ತಿದ್ದಬೇಕಾಗುತ್ತದೆ. ಟೆಂಪ್‌ಡಿಬಿಗೆ ಫೈಲ್ ಕಾಪಿ ಬೇಡ, ಸರ್ವರ್ ಶುರುವಾದಾಗ ಹೊಸ ಜಾಗದಲ್ಲಿ ತಾನೇ ಮಾಡಿಕೊಳ್ಳುತ್ತದೆ.

ಮಾಸ್ಟರ್ ಕೊನೆಗೆ. ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಪ್ಯಾರಾಮೀಟರ್ಸ್ ಟ್ಯಾಬ್ ತೆರೆದರೆ ಮೂರು ಸಾಲು ಕಾಣುತ್ತದೆ: ಹೈಫನ್ ಡಿ ಡೇಟಾ ಫೈಲ್‌ಗೆ, ಹೈಫನ್ ಎಲ್ ಲಾಗ್‌ಗೆ, ಹೈಫನ್ ಇ ಎರರ್‌ಲಾಗ್‌ಗೆ. ಹಳೇ ಸಾಲನ್ನು ಸೆಲೆಕ್ಟ್ ಮಾಡಿ, ತಿದ್ದಿ, ಅಪ್‌ಡೇಟ್ ಒತ್ತಬೇಕು. ಆ್ಯಡ್ ಒತ್ತಬೇಡಿ, ಹಳೇ ಸಾಲು ಹಾಗೇ ಉಳಿಯುತ್ತದೆ. ಎರರ್‌ಲಾಗನ್ನು ನಾನು ಹಳೇ ಜಾಗದಲ್ಲೇ ಬಿಟ್ಟೆ. ಏನಾದರೂ ಕೆಟ್ಟರೆ ಕಾರಣ ಓದೋಕೆ ಒಂದು ಗೊತ್ತಿರೋ ಜಾಗ ಇರಲಿ ಅಂತ. ಸರ್ವೀಸ್ ನಿಲ್ಲಿಸಿ ಎರಡೂ ಫೈಲ್ ಕಾಪಿ ಮಾಡಿದೆ. ಕಟ್ ಮಾಡಲಿಲ್ಲ, ಏಕೆಂದರೆ ಸರ್ವರ್ ಏಳದಿದ್ದರೆ ಪ್ಯಾರಾಮೀಟರನ್ನು ಹಿಂದಿನಂತೆ ಮಾಡಿದರೆ ಸಾಕು, ಹಳೇದು ಅಲ್ಲೇ ಇರುತ್ತದಲ್ವಾ.

ಸರ್ವರ್ ಶುರುವಾಗದೇ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ 17113 ಅನ್ನೋ ಎರರ್ (ಮಾಸ್ಟರ್ ಫೈಲ್ ತೆರೆಯಲಾಗಲಿಲ್ಲ ಅಂತ) ಕಂಡರೆ ಪಕ್ಕದ ನಂಬರ್ ನೋಡಿ. 2 ಅಂದರೆ ದಾರಿ ತಪ್ಪು, 5 ಅಂದರೆ ಪರ್ಮಿಶನ್ ಇಲ್ಲ.

ನಮ್ಮದು ಎದ್ದಿತು. ಫೈಲ್‌ಗಳ ಪಟ್ಟಿ ತೋರಿಸೋ ಸಿಸ್ ಮಾಸ್ಟರ್ ಫೈಲ್ಸ್‌ನಲ್ಲಿ ಎಲ್ಲ ದಾರಿಯೂ ಇ ಡ್ರೈವ್ ಅಂತ ನೋಡಿಕೊಂಡೆ. ಡೇಟಾಬೇಸ್ ಮೇಲ್ (ಸರ್ವರ್‌ನಿಂದಲೇ ಇಮೇಲ್ ಕಳಿಸೋ ಸೌಲಭ್ಯ) ಬಳಸುತ್ತಿದ್ದರಿಂದ ಎಂಎಸ್‌ಡಿಬಿಯಲ್ಲಿ ಅದಕ್ಕೆ ಬೇಕಾದ ಸರ್ವೀಸ್ ಬ್ರೋಕರ್ ಆನ್ ಇದೆಯಾ ಅಂತ ನೋಡಿ, ಒಂದು ಟೆಸ್ಟ್ ಮೇಲ್ ಕಳಿಸಿದೆ. ಆ್ಯಂಟಿವೈರಸ್ ಸ್ಕ್ಯಾನ್ ಮಾಡದೇ ಬಿಡೋ ಫೋಲ್ಡರ್‌ಗಳ ಪಟ್ಟಿಗೂ ಹೊಸ ಫೋಲ್ಡರ್ ಸೇರಿಸಿದೆ. ರಾತ್ರಿಯ ಜಾಬ್‌ಗಳು ಮತ್ತು ಬ್ಯಾಕಪ್ ಸರಿಯಾಗಿ ಮುಗಿದ ಮೇಲಷ್ಟೇ ಸಿ ಡ್ರೈವ್‌ನ ಹಳೇ ಫೈಲ್‌ಗಳನ್ನು ಅಳಿಸಿದೆ. ಬಿನ್ ಫೋಲ್ಡರ್‌ನಲ್ಲಿರೋ, ಸರ್ವರ್‌ನ ಸಿಸ್ಟಂ ಆಬ್ಜೆಕ್ಟ್‌ಗಳನ್ನು ಇಟ್ಟುಕೊಂಡಿರೋ ರಿಸೋರ್ಸ್ ಡೇಟಾಬೇಸನ್ನು ಮಾತ್ರ ಮುಟ್ಟಲಿಲ್ಲ, ಅದನ್ನು ಸಾಗಿಸೋಕೆ ಬರೋದಿಲ್ಲ.