ಉದ್ಯಮಬಾಗದ 38 ಕಂಪ್ಯೂಟರ್‌ಗಳಲ್ಲಿ ನಿಗಾ ಸಾಫ್ಟ್‌ವೇರ್ ಉಳಿಸಿಕೊಂಡ ಕಥೆ

ಕೆಲಸದವರು ಕಂಪ್ಯೂಟರ್‌ನಲ್ಲಿ ಏನು ಮಾಡುತ್ತಾರೆ ಅಂತ ನೋಡಿ ವರದಿ ಕಳಿಸುವ ನಿಗಾ ಸಾಫ್ಟ್‌ವೇರ್ ಬಗ್ಗೆ "ಆಗಲ್ಲ ಬಿಡಿ, ಹುಡುಗರು ಹೇಗಾದರೂ ಬಂದ್ ಮಾಡೇ ಮಾಡ್ತಾರೆ" ಅಂತ ಕಾರ್ಖಾನೆ ಮಾಲೀಕರು ಹೇಳಿದ್ದರು. ಸಾಫ್ಟ್‌ವೇರ್ ಮಾರಿದವನೂ ಅದನ್ನೇ ಹೇಳಿದ್ದ. ಈಗ ಹದಿನಾಲ್ಕು ತಿಂಗಳಾಯಿತು. ನನಗೆ ಗೊತ್ತಾಗದ ಹಾಗೆ ಬಂದ್ ಮಾಡಲು ಒಬ್ಬರಿಗೂ ಆಗಿಲ್ಲ.

ಬೆಳಗಾವಿ ಉದ್ಯಮಬಾಗದ ಒಂದು ಕಾಸ್ಟಿಂಗ್, ಮಷಿನಿಂಗ್ ಕಾರ್ಖಾನೆ. 38 ಕಂಪ್ಯೂಟರ್. ಅಲ್ಲಿರುವ ಡ್ರಾಯಿಂಗ್ ಎಲ್ಲ ಗಿರಾಕಿಗಳದ್ದು. ಒಂದು ಪಂಪ್ ಬಾಡಿಯ ಡ್ರಾಯಿಂಗ್ ಹೊರಗೆ ಹೋಗಿ, ಅದೇ ಭಾಗ ಬೇರೆ ಕಡೆ ಕಡಿಮೆ ರೇಟಿಗೆ ತಯಾರಾಯಿತು. ಗಿರಾಕಿ ಕೈ ಬಿಟ್ಟ. ಆಮೇಲೆ ಈ ಸಾಫ್ಟ್‌ವೇರ್ ಬಂತು. ಕಂಪ್ಯೂಟರ್‌ಗೆ ತಿಂಗಳಿಗೆ ಸುಮಾರು 280 ರೂಪಾಯಿ, ವರ್ಷದ್ದು ಮೊದಲೇ ಕಟ್ಟಬೇಕು, ಒಂದೂಕಾಲು ಲಕ್ಷ ದಾಟಿತು. ಮೂರನೇ ವಾರಕ್ಕೆ ನೋಡಿದರೆ ಹನ್ನೊಂದೋ ಹನ್ನೆರಡೋ ಕಂಪ್ಯೂಟರ್ ಮಾತ್ರ ವರದಿ ಕಳಿಸುತ್ತಿದ್ದವು.

ಮೊದಲು ಐಕಾನ್ ಅಡಗಿಸಿದೆ. ಎರಡೇ ದಿನದಲ್ಲಿ ಕಂಡುಹಿಡಿದರು. ಅನ್‌ಇನ್‌ಸ್ಟಾಲ್‌ಗೆ ಪಾಸ್‌ವರ್ಡ್ ಹಾಕಿದೆ. ಅವರು ಅನ್‌ಇನ್‌ಸ್ಟಾಲ್ ಮಾಡಲೇ ಇಲ್ಲ, ಅದರ ಸರ್ವಿಸ್ ಅನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಭಾಗವನ್ನು, ಡಿಸೇಬಲ್ ಮಾಡಿದರು ಅಷ್ಟೇ. ಸರ್ವಿಸ್ ಬಿದ್ದರೆ ಏನು ಮಾಡಬೇಕು ಅಂತ ಹೇಳುವ ರಿಕವರಿ ಟ್ಯಾಬ್‌ನಲ್ಲಿ ಮೂರೂ ಕಡೆ ರೀಸ್ಟಾರ್ಟ್ ಕೊಟ್ಟು ಗೆದ್ದೆ ಅಂದುಕೊಂಡೆ. ಆದರೆ ಅದು ಸರ್ವಿಸ್ ಕ್ರ್ಯಾಶ್ ಆದರೆ ಮಾತ್ರ ಎಬ್ಬಿಸುತ್ತದೆ, ಸರಿಯಾಗಿ ಸ್ಟಾಪ್ ಒತ್ತಿದರೆ ಸುಮ್ನೆ ಮಲಗಿರುತ್ತದೆ. ಐದು ನಿಮಿಷಕ್ಕೊಮ್ಮೆ ಎಬ್ಬಿಸುವ ಶೆಡ್ಯೂಲ್ಡ್ ಟಾಸ್ಕ್ ಹಾಕಿದೆ, ಅದನ್ನೂ ಬಂದ್ ಮಾಡಿದರು.

ಎಲ್ಲರೂ ಅಡ್ಮಿನ್, ಅಂದರೆ ಕಂಪ್ಯೂಟರ್‌ನಲ್ಲಿ ಏನು ಬೇಕಾದರೂ ಬದಲಿಸುವ ಅಧಿಕಾರ ಇರುವವರು, ಆಗಿರುವಾಗ ಬೇರೇನಾಗುತ್ತದೆ, ಅಲ್ವಾ? ಹಾಜರಿ ಸಾಫ್ಟ್‌ವೇರ್ ಮತ್ತು ಡ್ರಾಯಿಂಗ್ ಮಾಡುವ ಕ್ಯಾಡ್ ಸಾಫ್ಟ್‌ವೇರ್‌ನ ಒಂದು ಹಳೆ ಪ್ಲಗಿನ್ ಅಡ್ಮಿನ್ ಇಲ್ಲದೆ ತೆರೆಯುವುದಿಲ್ಲ ಅಂತ ಹಿಂದೆ ಯಾರೋ ಎಲ್ಲರಿಗೂ ಕೊಟ್ಟುಬಿಟ್ಟಿದ್ದರು. ಒಂದು ಶನಿವಾರ, ಭಾನುವಾರ ಪೂರ್ತಿ ಕೂತೆ. ಸಾಫ್ಟ್‌ವೇರ್ ಯಾವ ಫೈಲ್ ಮುಟ್ಟುತ್ತದೆ ಅಂತ ತೋರಿಸುವ ಪ್ರೊಸೆಸ್ ಮಾನಿಟರ್ ಹಾಕಿ 'ಆಕ್ಸೆಸ್ ಡಿನೈಡ್' ಬರುವ ಸಾಲುಗಳನ್ನಷ್ಟೇ ಜರಡಿ ಹಿಡಿದೆ. ಒಂದಕ್ಕೆ ತನ್ನದೇ ಫೋಲ್ಡರ್‌ನಲ್ಲಿ ಬರೆಯಬೇಕಿತ್ತು, ಇನ್ನೊಂದಕ್ಕೆ ಒಂದು ರಿಜಿಸ್ಟ್ರಿ ಕೀ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ). ಅಷ್ಟಕ್ಕೆ ಮಾತ್ರ ಅನುಮತಿ ಕೊಟ್ಟು ಎಲ್ಲರ ಅಡ್ಮಿನ್ ತೆಗೆದೆ. ನಿಗಾ ಸಾಫ್ಟ್‌ವೇರ್‌ನ ಫೋಲ್ಡರ್ ಅನುಮತಿಯನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಮೂರು ಕಡೆ ಎವೆರಿಒನ್‌ಗೆ ಫುಲ್ ಕಂಟ್ರೋಲ್ ಇತ್ತು, ಅಂದರೆ ಯಾರು ಬೇಕಾದರೂ ಅಳಿಸಬಹುದಿತ್ತು.

ಆಮೇಲೂ ಒಬ್ಬ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಫೋಲ್ಡರ್ ಹೆಸರನ್ನೇ ಬದಲಿಸಿದ್ದ. ಬುದ್ಧಿವಂತ ಹುಡುಗ. ಹಾಗೆ ಬೂಟ್ ಆಗದಂತೆ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಪಾಸ್‌ವರ್ಡ್ ಹಾಕಿದರೆ ಹಳೆ ಡೆಸ್ಕ್‌ಟಾಪ್‌ನ ಸೆಲ್ ಕಿತ್ತು ಮತ್ತೆ ಹಾಕಿ ಪಾಸ್‌ವರ್ಡ್ ಅಳಿಸಿದ. ಕ್ಯಾಬಿನೆಟ್‌ಗೆ ಬೀಗ ಹಾಕಿಸಿದೆ, ಒಂದಕ್ಕೆ ತೊಂಬತ್ತೋ ನೂರೋ ರೂಪಾಯಿ. ಡಿಸ್ಕನ್ನೇ ಗೂಢಲಿಪಿಯಲ್ಲಿ ಮುಚ್ಚಿಡುವ ಬಿಟ್‌ಲಾಕರ್ ಬೇಕಿತ್ತು, ಆದರೆ ಅರ್ಧಕ್ಕಿಂತ ಜಾಸ್ತಿ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಹೋಮ್, ಬಿಟ್‌ಲಾಕರ್‌ಗೆ ವಿಂಡೋಸ್ ಪ್ರೋ ಬೇಕು. ಪ್ರೋ ಖರ್ಚು ಕೇಳಿ ಮಾಲೀಕರು ಒಪ್ಪಲಿಲ್ಲ. ಡಿಸೈನ್ ವಿಭಾಗದ ಒಂಬತ್ತಕ್ಕೆ ಮಾತ್ರ ಮಾಡಿದೆ. ಅಲ್ಲೊಂದು ತಪ್ಪಾಯಿತು. ಬಿಟ್‌ಲಾಕರ್ ಅನ್ನು ಸಸ್ಪೆಂಡ್ (ತಾತ್ಕಾಲಿಕವಾಗಿ ತಡೆ) ಮಾಡದೆ ಬಯೋಸ್ ಅಪ್‌ಡೇಟ್ ಮಾಡಿದೆ. ಸೋಮವಾರ ಬೆಳಿಗ್ಗೆ ಒಂಬತ್ತೂ ರಿಕವರಿ ಕೀ ಕೇಳುತ್ತಾ ಕೂತಿದ್ದವು. ಕೀ ಪ್ರಿಂಟ್ ಮಾಡಿ ಮಾಲೀಕರ ತಿಜೋರಿಯಲ್ಲಿ ಇಟ್ಟಿದ್ದರಿಂದ ಉಳಿದೆ.

ಆದರೆ ನಿಜವಾಗಿ ಕೆಲಸ ಮಾಡಿದ್ದು ಈ ಬೀಗಗಳಲ್ಲ. ಮೂಲೆಯಲ್ಲಿದ್ದ ಹಳೆ ಕಂಪ್ಯೂಟರ್ ಒಂದನ್ನು ತೆಗೆದುಕೊಂಡು, ಪ್ರತಿ ಕಂಪ್ಯೂಟರ್ ಐದು ನಿಮಿಷಕ್ಕೊಮ್ಮೆ 'ಇದ್ದೇನೆ' ಅಂತ ಅದಕ್ಕೆ ಹೇಳುವ ಹಾಗೆ ಮಾಡಿದೆ. ಹದಿನೈದು ನಿಮಿಷ ಮೌನವಾದರೆ ನನ್ನ ಫೋನಿಗೆ ಮೆಸೇಜ್. ಮೊದಲ ವಾರ ಇನ್ನೂರರ ಹತ್ತಿರ ಸುಳ್ಳು ಮೆಸೇಜ್ ಬಂದವು. ಹೆಸ್ಕಾಂ ಕರೆಂಟ್ ಹೋದಾಗೆಲ್ಲ ಕಂಪ್ಯೂಟರ್‌ಗಳು ಯುಪಿಎಸ್ ಮೇಲೆ ನಡೆಯುತ್ತಿದ್ದವು, ಶೆಡ್‌ನಲ್ಲಿದ್ದ ನೆಟ್‌ವರ್ಕ್ ಸ್ವಿಚ್ ಮಾತ್ರ ಸಾಯುತ್ತಿತ್ತು! ಅದಕ್ಕೊಂದು ಸಣ್ಣ ಯುಪಿಎಸ್, ಮೂರೂವರೆ ಸಾವಿರ. ಸುಳ್ಳು ಮೆಸೇಜ್ ವಾರಕ್ಕೆ ಐದಾರಕ್ಕೆ ಇಳಿಯಿತು. ಈಗ ಲೆಕ್ಕ ಸುಲಭ. ಸಾಲಿಗೆ ಸಾಲೇ ಮೌನವಾದರೆ ಕರೆಂಟ್ ಅಥವಾ ಸ್ವಿಚ್. ಒಂದೇ ಒಂದು ಕಂಪ್ಯೂಟರ್ ಆನ್ ಇದ್ದೂ ಮೌನವಾದರೆ ಎದ್ದು ಹೋಗಿ ನೋಡಬೇಕು. ಆನ್ ಇದೆ ಅಂತ ಹೇಗೆ ತಿಳಿಯುತ್ತೇನೆ ಅಂದರೆ, ಪಿಂಗ್‌ನಿಂದ (ನೆಟ್‌ವರ್ಕ್ ಮೇಲೆ ಕರೆದು ಉತ್ತರ ಬರುತ್ತದಾ ನೋಡುವುದು) ಅಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಇವೆಂಟ್ ಲಾಗ್‌ನ 7034 (ಸರ್ವಿಸ್ ಇದ್ದಕ್ಕಿದ್ದಂತೆ ನಿಂತಿತು), 7040 (ಸರ್ವಿಸ್ ಶುರುವಾಗುವ ಬಗೆ ಬದಲಾಯಿತು) ಕೂಡ ತರಿಸುತ್ತೇನೆ. 7040ನ್ನು ನಿಮ್ಮ ಸರ್ವಿಸ್ ಹೆಸರಿಗೆ ಸೋಸಿಕೊಳ್ಳಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಇಳಿಸುವ ಬಿಟ್ಸ್ ಸರ್ವಿಸ್ ಒಂದೇ ದಿನವಿಡೀ ಗಲಾಟೆ ಮಾಡುತ್ತದೆ.

ನಡುವೆ ಇನ್ನೊಂದು. ಮೌಸ್ ಅಲುಗದಿದ್ದರೆ 'ಖಾಲಿ ಕೂತಿದ್ದಾರೆ' ಅಂತ ಎಣಿಸುವ ಸೌಲಭ್ಯ ಅದರಲ್ಲಿತ್ತು. ಒಬ್ಬರು ಕೈಗಡಿಯಾರದ ಮೇಲೆ ಮೌಸ್ ಇಟ್ಟು ಊಟಕ್ಕೆ ಹೋಗುತ್ತಿದ್ದರು. ನಾನೂ ಮನೆಯಲ್ಲಿ ಮಾಡಿ ನೋಡಿದೆ, ಸೆಕೆಂಡ್ ಮುಳ್ಳಿಗೆ ಬಾಣ ಅಲುಗುವುದು ನಿಜ. ಮಾಲೀಕರ ಜೊತೆ ಜಗಳವಾಡಿ ಆ ಎಣಿಕೆಯನ್ನೇ ತೆಗೆಸಿದೆ. ಡ್ರಾಯಿಂಗ್ ನೋಡುತ್ತಾ ಯೋಚಿಸುವವನು ಖಾಲಿ ಕೂತವನಲ್ಲ. ಕೀ ಒತ್ತಿದ್ದನ್ನು ದಾಖಲಿಸುವುದನ್ನೂ ತೆಗೆದೆ, ಅಕೌಂಟ್ಸ್‌ನವರ ಬ್ಯಾಂಕ್ ಪಾಸ್‌ವರ್ಡ್ ನಮಗೇಕೆ? ಏನು ನೋಡುತ್ತೇವೆ, ಏನು ನೋಡುವುದಿಲ್ಲ ಅಂತ ಕನ್ನಡ, ಮರಾಠಿ ಎರಡರಲ್ಲೂ ಬರೆದು ಗೋಡೆಗೆ ಅಂಟಿಸಿ, ಎಲ್ಲರ ಸಹಿ ತೆಗೆದುಕೊಂಡೆವು. ಆ ತಿಂಗಳಿಂದ ಕಿತಾಪತಿ ಅರ್ಧಕ್ಕಿಂತ ಕಡಿಮೆಯಾಯಿತು. ಇದನ್ನು ಮೊದಲೇ ಮಾಡಬೇಕಿತ್ತು.

ಎಲ್ಲ ಸೇರಿ ಖರ್ಚು, ಸಾಫ್ಟ್‌ವೇರ್ ಬಿಟ್ಟು, ಮೂವತ್ತು ಸಾವಿರದ ಒಳಗೆ. ಉಳಿದಿರುವುದು ಮಾರ್ಕೆಟಿಂಗ್‌ನವರ ಎರಡು ಲ್ಯಾಪ್‌ಟಾಪ್. ಅವು ಹೊರಗೆ ಹೋದಾಗ ಮೌನ ಸಹಜ, ಲಾಗ್ ಒಳಗೇ ಕೂಡಿಟ್ಟುಕೊಂಡು ವಾಪಸ್ ಬಂದ ಮೇಲೆ ಕಳಿಸುತ್ತವೆ. ಆ ನಡುವಿನ ಹೊತ್ತನ್ನು ಹೇಗೆ ಕಾಯುವುದು ಅಂತ ಈಗ ನೋಡುತ್ತಿದ್ದೇನೆ.