ಮಗುವಿನ ಬೆಳವಣಿಗೆ ತಡವಾಗುತ್ತಿದೆಯೇ? ಮನೆಯಲ್ಲೇ ಗಮನಿಸುವುದು ಹೀಗೆ

‘ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಇವನೂ ಆಡುತ್ತಾನೆ ಬಿಡಿ.’ ಅಂಗನವಾಡಿಯ ಬಾಗಿಲಲ್ಲಿ ಆಗಾಗ ಕೇಳುವ ಮಾತಿದು. ಕೆಲವೊಮ್ಮೆ ನಿಜವೂ ಆದೀತು. ಆದರೆ ಕಿವಿ ಕೇಳಿಸದೆ ಮಾತು ಕಲಿಯದ ಮಗುವಿನ ಅಮೂಲ್ಯ ವರ್ಷಗಳನ್ನು ಇದೇ ಸಮಾಧಾನ ನುಂಗಿಬಿಡುತ್ತದೆ. ಕೂಲಿಗೆ ಹೋಗುವ ತಾಯಿಗೆ ಆಸ್ಪತ್ರೆಯೆಂದರೆ ಒಂದು ದಿನದ ದುಡಿಮೆ ಹೋದ ಲೆಕ್ಕ. ಆದ್ದರಿಂದ ಮೊದಲ ತಪಾಸಣೆ ಮನೆಯಲ್ಲೇ ಆಗಲಿ.

ಮೊದಲು ತಾಯಿ ಕಾರ್ಡ್ ಹೊರತೆಗೆಯಿರಿ. ಲಸಿಕೆಯ ದಿನ ಬಿಟ್ಟರೆ ಅದು ಟ್ರಂಕಿನಲ್ಲೇ ಇರುತ್ತದೆ. ಯಾವ ವಯಸ್ಸಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳು ಅದರಲ್ಲಿವೆ. ಓದು ಬಾರದವರಿಗೂ ತಿಳಿಯುತ್ತವೆ. ವಯಸ್ಸಿನ ಲೆಕ್ಕದಲ್ಲಿ ಒಂದು ಎಚ್ಚರ: ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಆರು ತಿಂಗಳಾಗಿದ್ದರೆ ನಾಲ್ಕೆಂದೇ ಹಿಡಿಯಬೇಕು. ಎರಡು ವರ್ಷ ತುಂಬುವವರೆಗೆ ಇದೇ ಲೆಕ್ಕ.

ನಂತರ ಗಮನಿಸಿ. 3 ತಿಂಗಳಾದರೂ ಮುಖ ನೋಡಿ ನಗದಿದ್ದರೆ, 5 ತಿಂಗಳಾದರೂ ಕತ್ತು ನಿಲ್ಲದಿದ್ದರೆ, 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, 2 ವರ್ಷವಾದರೂ ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸದಿದ್ದರೆ ತೋರಿಸಲೇಬೇಕು. ಕಲಿತ ಮಾತನ್ನೋ ಆಟವನ್ನೋ ಮಗು ಮರೆಯುತ್ತಿದ್ದರೆ ಒಂದು ವಾರವೂ ಕಾಯಬೇಡಿ.

ಕಿವಿಯ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ತಟ್ಟೆ ಬಡಿದು ನೋಡುವುದರಿಂದ. ಆ ಅದುರಿಗೇ ಮಗು ತಿರುಗಬಹುದು. ಆರು ತಿಂಗಳು ದಾಟಿದ ಮಗುವನ್ನು ಒಬ್ಬರು ತೊಡೆಯ ಮೇಲೆ ಕೂರಿಸಿಕೊಳ್ಳಲಿ. ಇನ್ನೊಬ್ಬರು ಹಿಂದಿನಿಂದ, ನೆರಳೂ ಕಾಣದಂತೆ, ಒಂದು ಮೊಳ ದೂರದಲ್ಲಿ ಗಿಲಕಿಯನ್ನು ಮೆಲ್ಲಗೆ ಆಡಿಸಲಿ. ಮೊದಲು ಎಡಕ್ಕೆ, ತುಸು ಬಿಟ್ಟು ಬಲಕ್ಕೆ. ಸದ್ದಿನ ಕಡೆ ಕಣ್ಣು ಹೊರಳಬೇಕು. ಹೊರಳಿತೆಂದು ನಿಶ್ಚಿಂತರಾಗಬೇಡಿ, ಸಂದೇಹ ಉಳಿದರೆ ಯಂತ್ರದ ಪರೀಕ್ಷೆಯೇ ಬೇಕು. ಕೈಯ ಪರೀಕ್ಷೆಗೆ ಇಡ್ಲಿಯ ಚೂರು ಸಾಕು: ಒಂದು ವರ್ಷದ ಮಗು ಅದನ್ನು ಅಂಗೈಯಿಂದ ಬಾಚದೆ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದೆತ್ತುತ್ತದೆ.

ಕಟ್ಟಡದ ಶೆಡ್ಡಿನಲ್ಲಿ ಸೀರೆಯ ಜೋಳಿಗೆಯಲ್ಲೇ ಹಗಲು ಕಳೆಯುವ ಮಕ್ಕಳಿದ್ದಾರೆ. ಅದು ತಾಯಿಯ ತಪ್ಪಲ್ಲ, ಹಾವು ಚೇಳುಗಳ ಭಯ ಅವಳಿಗೆ. ಸಂಜೆ ಚಾಪೆಯ ಮೇಲೆ ಕೆಲ ಹೊತ್ತು, ಎದುರಿಗೇ ಕೂತು, ಬೋರಲು ಬಿಟ್ಟರೂ ಕತ್ತು, ಭುಜಕ್ಕೆ ಬಲ ಬರುತ್ತದೆ.

ಅನುಮಾನ ಬಂದರೆ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ. ವೈದ್ಯರ ಮುಂದೆ ಮಗು ಅಳುತ್ತದೆಯೇ ಹೊರತು ಆಡಿ ತೋರಿಸುವುದಿಲ್ಲ. 3, 6, 9, 12, 15ನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರುವ ಕ್ರಮವಿದೆ; ಅವರಿಗೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ದಿನ ಯಾವುದೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಮೊದಲೇ ಕೇಳಿ, ಅಂದು ಮಗುವನ್ನು ತಪ್ಪದೆ ಕಳುಹಿಸಿ. ತಂಡದವರು ಬರೆದುಕೊಡುವ ಚೀಟಿಯೊಂದಿಗೆ, ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಹೋದರೆ ತಪಾಸಣೆ, ಚಿಕಿತ್ಸೆ ಉಚಿತ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ.

ಹೋಗುವಾಗ ಹಗಲು ಮಗುವನ್ನು ನೋಡಿಕೊಳ್ಳುವ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅಲ್ಲಿ ಹೇಳಿಕೊಡುವ ವ್ಯಾಯಾಮವನ್ನು ದಿನವೂ ಮಾಡಿಸಬೇಕಾದವರು ಅವರೇ.